ಎಲ್ಲರೂ ಹೊರಗೆ ಬಂದರೇ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಲ್ಡ್ ಸ್ಟೋರೇಜಿನ ಉದ್ದನೆಯ ಓಣಿಯಲ್ಲಿ ರಾತ್ರಿ ಪಾಳಿಯವರು ದಪ್ಪ ಕೋಟು ಕಳಚಿಟ್ಟು ಒಬ್ಬೊಬ್ಬರಾಗಿ ಮನೆ ಕಡೆ ಹೊರಟಿದ್ದಾರೆ. ಕೊನೆಯವರೂ ಹೋದ ಮೇಲೆ, ಕೋಟು ತೆಗೆಯದೇ ನಿಂತಿದ್ದ ಹಿರಿಯರೊಬ್ಬರು ನಾಲ್ಕನೇ ಕೋಣೆಯೊಳಗೆ ನಡೆದುಹೋಗುತ್ತಾರೆ. ಬಿಳಿ ಹಬೆ ನೆಲದ ಮೇಲೆ ಹರಿದುಬಂದು ಇಲ್ಲಿಯ ಕೆಲಸ ನೋಡಲು ಬಂದ ನನ್ನ ಕಾಲು ಮುಟ್ಟುತ್ತದೆ. ಬಾಗಿಲ ಬಳಿಯಿದ್ದ ಹೆಂಗಸು ಬಾಗಿಲು ತಳ್ಳಿ, ಅಗುಳಿ ಹಾಕಿ, ತಮ್ಮ ಕಂಪ್ಯೂಟರಿನ ಮುಂದೆ ಬಂದು ಕೂರುತ್ತಾರೆ.

"ಒಳಗೆ ಅವರಿದ್ದಾರಲ್ಲ?" ಎನ್ನುತ್ತೇನೆ.

"ಇರ್ಲಿ," ಎನ್ನುತ್ತಾರೆ, ಪರದೆಯಿಂದ ಕಣ್ಣು ಕೀಳದೆ. "ಅವ್ರು ನಮ್ಮ ಭಾವ. ಅಕ್ಕನ ಗಂಡ."

ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಬೀಗದಕ್ಕ ಎಂದು. ಆರು ಕೋಣೆ, ಪಾಳಿಗೆ ನಲವತ್ತು ಜನ. ಯಾರು ಯಾವಾಗ ಒಳಗೆ ಹೋದರು, ಯಾವಾಗ ಹೊರಗೆ ಬಂದರು ಎಂದು ಶೀಟಿನಲ್ಲಿ ತುಂಬುವುದು, ಎಲ್ಲರೂ ಬಂದ ಮೇಲೆ ಬೀಗ ಜಡಿಯುವುದು ಇವರ ಕೆಲಸ. ಒಳಗಿನ ಚಳಿ ಮೈನಸ್ ಹದಿನೆಂಟು. "ಬೆವರು ಸುರಿಸದೆ ಅನ್ನ ತಿನ್ನೋಳು ನಾನೊಬ್ಳೇ," ಎಂದು ನಗುತ್ತಾರೆ. ಈ ಕೆಲಸ ಕೊಡಿಸಿದ್ದೂ ಭಾವನೇ.

ನಲವತ್ತು ಸಾಲಿನ ಮೇಲೆ ಕಣ್ಣಾಡಿಸುವುದು ಕಷ್ಟವೆಂದು ಬೀಗದಕ್ಕ, ಶೀಟೇ ನೋಡಿ ಹೇಳುವಂತೆ ಮಾಡುವ ಫಾರ್ಮುಲಾ ಕಲಿತರು. 'ಇಫ್' ಅಂದರೆ ಹೀಗಿದ್ದರೆ. 'ಆ್ಯಂಡ್' ಅಂದರೆ ಎರಡೂ ನಿಜವಾಗಿದ್ದರೆ. ಒಳಗೆ ಹೋದ ಸಮಯ ಇದ್ದು, ಬಂದ ಸಮಯದ ಖಾನೆ ಖಾಲಿಯಿದ್ದರೆ ಆ ಮನುಷ್ಯ 'ಒಳಗೆ'. ಇಲ್ಲದಿದ್ದರೆ 'ಹೊರಗೆ'. ಒಬ್ಬರು ಒಳಗಿದ್ದರೂ ಕೊನೆಯ ಸಾಲಿನಲ್ಲಿ ಕೆಂಪಗೆ 'ತಡೆಯಿರಿ' ಎಂದು ಬರುತ್ತದೆ. ಎಲ್ಲರೂ ಬಂದಿದ್ದರೆ ಹಸಿರಲ್ಲಿ 'ಬೀಗ ಹಾಕಿ'. ನೋಡಲು ಎಷ್ಟು ಸಲೀಸು.

ಆ ದಿನವೂ ಹಸಿರೇ ಬಂದಿತ್ತು.

"ಪಕ್ಕದ ಸಾಲಿನವರ ಟೈಮ್‌ನ ಕೈತಪ್ಪಿ ಭಾವನ ಸಾಲಿಗೆ ಹಾಕಿದ್ದೆ. ತಕ್ಷಣ ಗೊತ್ತಾಯ್ತು, ಅಳಿಸಿದೆ. ಹೇಗೆ ಅಳಿಸಿದೆ? ಸ್ಪೇಸ್ ಬಾರ್ ಒತ್ತಿ. ನಾವೆಲ್ಲ ಹಾಗೇ ಅಳಿಸ್ತಿದ್ದಿದ್ದು. ನೋಡೋಕೆ ಖಾಲೀನೇ. ಆದ್ರೆ ಕಂಪ್ಯೂಟರಿಗೆ ಅಲ್ಲೊಂದು ಸ್ಪೇಸ್ ಕೂತಿದೆ. ಅದರ ಲೆಕ್ಕದಲ್ಲಿ ಖಾಲಿ ಅಲ್ಲ, ಅಂದ್ಮೇಲೆ ಭಾವ ಹೊರಗೆ."

ಬೀಗ ಹಾಕಿ ಬಂದು ಕೂತಾಗ ಗೋಡೆಯಿಂದ ಸದ್ದು ಬಂತು. ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಚಳಿಗೆ ತಗಡು ಬಿಗಿದಾಗ, ಐಸ್ ಕಳಚಿ ಬಿದ್ದಾಗ ಇಲ್ಲಿ ಇಂಥ ಸದ್ದು ಇದ್ದದ್ದೇ. ಬೀಗದಕ್ಕ ಚಹಾ ಕುಡಿದರು. ಮುಂದಿನ ಪಾಳಿಗೆ ಶೀಟು ಸಿದ್ಧಮಾಡಿದರು. ಸದ್ದು ನಿಂತುಹೋಯಿತು. ಮನೆಗೆ ಹೊರಟು ಚಪ್ಪಲಿ ಮೆಟ್ಟುವಾಗ ಪಕ್ಕದಲ್ಲಿ ಭಾವನ ಚಪ್ಪಲಿ ಕಂಡಿತು.

ಬೀಗವಿದ್ದರೂ ಒಳಗಿನಿಂದ ಬಾಗಿಲು ತೆರೆಯಲೆಂದು ಇದ್ದ ಹಿಡಿ ಮಂಜುಗಟ್ಟಿ ತಿರುಗಿರಲಿಲ್ಲ. ಬಡಿತ ಜೋರಾಗಿ ಕೇಳಲೆಂದು ಭಾವ ಗ್ಲೌಸು ಕಳಚಿದ್ದರು. ಜೀವ ಉಳಿಯಿತು, ಬಲಗೈಯ ಎರಡು ಬೆರಳು ಉಳಿಯಲಿಲ್ಲ.

ಹಿಡಿ ಬದಲಾಗಿದೆ. ಫಾರ್ಮುಲಾವೂ ಬದಲಾಗಿದೆ. ಬಂದ ಸಮಯ ನಿಜಕ್ಕೂ ಸಮಯವಾಗಿರಬೇಕು, ಹೋದ ಸಮಯಕ್ಕಿಂತ ಆಮೇಲಿನದಾಗಿರಬೇಕು. ಎರಡೂ ನಿಜವಾದರೆ ಮಾತ್ರ 'ಹೊರಗೆ'. "ಗೊತ್ತಿಲ್ಲ ಅಂದ್ರೆ ಒಳಗಿದ್ದಾರೆ ಅಂತ್ಲೇ ಅರ್ಥ," ಎನ್ನುತ್ತಾ ಬೀಗದಕ್ಕ ಈಗ ಭಾವನ ಸಾಲಿಗೆ ಹೋಗಿ, ಬೇಕೆಂದೇ ಸ್ಪೇಸ್ ಬಾರ್ ಒತ್ತುತ್ತಾರೆ. ಖಾನೆ ಖಾಲಿಯಂತೆ ಕಾಣುತ್ತದೆ. ಕೊನೆಯ ಸಾಲು ಕೆಂಪಾಗಿಯೇ ಉಳಿಯುತ್ತದೆ: ತಡೆಯಿರಿ. ಆಗ ಎದ್ದು ಬಾಗಿಲು ತೆರೆಯುತ್ತಾರೆ. ಪ್ರತಿ ಬೆಳಿಗ್ಗೆ ನಡೆಯುವ ಪರೀಕ್ಷೆ ಇದು.

"ಯಾರನ್ನೂ ಒಳಗೆ ಕಳಿಸ್ದೆ, ಸುಮ್ನೆ ಹೆಸರು ತುಂಬಿ ನೋಡಿದ್ರೆ ಸಾಲ್ದಾ?" ಎಂದು ಕೇಳುತ್ತೇನೆ.

ಹುಬ್ಬಿನ ಮೇಲೆ ಬಿಳಿ ಪುಡಿ ಕೂತ ಭಾವ ಹೊರಗೆ ಬಂದು ಉತ್ತರಿಸುತ್ತಾರೆ: "ಒಳಗೆ ಜೀವ ಇದೆ ಅಂದ್ರೆ ಇವಳ ಕೈ ನಡುಗುತ್ತೆ. ಆ ನಡುಕ ಹೋಗ್ಬಾರ್ದು. ನನ್ನ ಬಿಟ್ರೆ ಒಳಗೆ ಹೋಗೋಕೆ ಇನ್ಯಾರು ಒಪ್ತಾರೆ?"

ಅವರು ಬಂದ ಸಮಯ ತುಂಬಿದ ಮೇಲೆ ಶೀಟು ಹಸಿರಾಗುತ್ತದೆ. ಬೀಗ ಬೀಳುತ್ತದೆ. ಏನಾದರೂ ಆಸೆ ಇದೆಯೇ ಎನ್ನುತ್ತೇನೆ. ಬೀಗದಕ್ಕ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡುತ್ತಾರೆ.

"ಆ ಸದ್ದು ಕೇಳಿಸಿದ್ರೂ ತಿರುಗಿ ನೋಡ್ದೆ ಒಂದಿನ ಮನೆಗೆ ಹೋಗ್ಬೇಕು. ಅಷ್ಟೇ."

ಮೂವರೂ ಗೇಟಿನ ತನಕ ಬಂದಿದ್ದೇವೆ. ಹಿಂದೆ ಓಣಿಯ ಕತ್ತಲಲ್ಲಿ ಟಕ್ ಎನ್ನುತ್ತದೆ.

"ಐಸ್ ಕಣಮ್ಮ," ಎನ್ನುತ್ತಾರೆ ಭಾವ. "ನಡಿ, ಅಕ್ಕ ಕಾಯ್ತಿರ್ತಾಳೆ."

ಮತ್ತೆ ಟಕ್. ಬೀಗದಕ್ಕ ಆಗಲೇ ಓಣಿಯಲ್ಲಿ ವಾಪಸ್ಸು ನಡೆಯುತ್ತಿದ್ದಾರೆ. ಬೀಗ ತೆಗೆದು ಒಂದೊಂದೇ ಬಾಗಿಲು ತೆರೆಯುತ್ತಾರೆ, ಹಬೆಯೊಳಗೆ ತಲೆ ಹಾಕಿ ಕೂಗುತ್ತಾರೆ. "ಯಾರಾದ್ರೂ ಇದ್ದೀರಾ?" ಉತ್ತರ ಬರುವಷ್ಟು ಹೊತ್ತು ಕಾಯುತ್ತಾರೆ. ಆರನೇ ಬಾಗಿಲು ಮುಚ್ಚಿ ಹಿಂದಿರುಗಿದಾಗ ಅವರ ಕೈ ಇನ್ನೂ ನಡುಗುತ್ತಿದೆ.

"ಇವತ್ತೂ ಐಸೇ," ಎನ್ನುತ್ತಾರೆ.