ಕಲ್ಲಪ್ಪ ಮಾಸ್ತರರ ಶರಬತ್ತಿನ ಪರೀಕ್ಷೆ

ಕಲ್ಲಪ್ಪ ಮಾಸ್ತರರ ಜೇಬಿನಲ್ಲಿ ಎಲೆ ಅಡಿಕೆಯ ಚಂಚಿ ಇರುತ್ತಿರಲಿಲ್ಲ. ಹುಳಿ ತಾಗಿದರೆ ಕೆಂಪಾಗುವ ನೀಲಿ ಲಿಟ್ಮಸ್ ಕಾಗದದ ಚೂರುಗಳಿರುತ್ತಿದ್ದವು. ಯಾರ ಮನೆಯಲ್ಲಿ ಯಾವ ಹಣ್ಣಿನ ರಸ ಕೊಟ್ಟರೂ ಮೊದಲು ಕಾಗದ ಅದ್ದಿ ನೋಡಿ, ಆಮೇಲೆ ಲೋಟಕ್ಕೆ ಬಾಯಿ ಹಚ್ಚುತ್ತಿದ್ದರು. ಕಾಗದ ಕೆಂಪಾಗದೆ ಉಳಿದದ್ದನ್ನು ನಾನು ಕಂಡಿಲ್ಲ. ಅವರೂ ಕಂಡಿರಲಿಲ್ಲ. ಆದರೂ ಅದ್ದುತ್ತಿದ್ದರು.

ಧಾರವಾಡದ ಒಂದು ಸಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ನಮ್ಮ ಮನೆಗಳ ನಡುವೆ ಒಂದೇ ಗೋಡೆ. ಬೇಸಿಗೆ ಬಂತೆಂದರೆ ಅವರ ಪಡಸಾಲೆಯಲ್ಲಿ ದ್ರಾಕ್ಷಿ, ದಾಳಿಂಬೆ, ನಿಂಬೆಯ ರಸಗಳು ಸಾಲಾಗಿ ನಿಲ್ಲುತ್ತಿದ್ದವು. ಒಂದೊಂದರಲ್ಲೂ ಗಾಜಿನ ನಳಿಗೆ ತೇಲಿಬಿಟ್ಟು, ಅದು ಎಷ್ಟು ಮುಳುಗಿತೆಂದು ನೋಡಿ, ಯಾವ ರಸ ಹೆಚ್ಚು ಸಾಂದ್ರವೆಂದು ಹೋಲಿಸುತ್ತಿದ್ದರು. “ದ್ರಾಕ್ಷಿ ಸಿಹಿ ಅಂತೀರಿ. ಒಳಗ ಹುಳಿ ಇಟಗೊಂಡ ಕುಂತಿರತೈತಿ. ನಾಲಿಗಿ ಮಾತ ನಂಬಬ್ಯಾಡ್ರಿ ಮಾಸ್ತರ” ಎನ್ನುತ್ತಿದ್ದರು. ಅವರ ಹೆಂಡತಿ ಬಸವ್ವನವರದು ಬೇರೆ ಗೋಳು: “ಪರೀಕ್ಷಾ ಮುಗದ ಮ್ಯಾಲೆ ಎಲ್ಲಾ ಕೂಡಿಸಿ ನನಗ ಕುಡಸ್ತಾರ.”

ಅವರ ಮಗಳು ಗಿರಿಜಾಳಿಗೆ ಅಮ್ಮಿನಬಾವಿಯ ಸಂಬಂಧ ತಂದವನು ನಾನೇ. ಒಳ್ಳೆಯ ಜನ, ಒಳ್ಳೆಯ ಹುಡುಗ. ಅದಕ್ಕೂ ಮುಂಚೆ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಹೇಗೆಂದು ಬಸವ್ವ ಊಟ ಬಿಟ್ಟಿದ್ದರು. ಹೆಣ್ಣು ನೋಡಲು ಬಂದವರಿಗೆ ನಿಂಬೆಹಣ್ಣಿನ ಶರಬತ್ತು ಬಂತು. ಹುಡುಗನ ಅಜ್ಜಿಗೆ ಲೋಟ ಕೊಡುವ ಮೊದಲು ಮಾಸ್ತರರು, ರೂಢಿಯಂತೆ, ಅದರಲ್ಲಿ ಕಾಗದ ಅದ್ದಿದರು. ಕೆಂಪಾಯಿತು.

“ಇದೇನ್ರಿ ಇದು?” ಎಂದರು ಅಜ್ಜಿ.

“ಏನಿಲ್ರಿ ಅಮ್ಮಾರ. ಆಸಿಡ್ ಐತೋ ಇಲ್ಲೋ ನೋಡಿದೆ. ಐತಿ.”

ಆಸಿಡ್ ಎಂದರೆ ಪತ್ತಾರರು ಬಂಗಾರಕ್ಕೆ ಹಚ್ಚುವುದೆಂದು ಬಂದವರಿಗೆಲ್ಲ ಗೊತ್ತಿತ್ತು. ಲೋಟಗಳು ಕೆಳಗಿಳಿದವು. ಮಾಸ್ತರರು ಸಮಾಧಾನ ಮಾಡಲೆಂದು, ಬಂದವರು ತಮ್ಮ ತೋಟದಿಂದಲೇ ತಂದಿದ್ದ ದಾಳಿಂಬೆಯನ್ನು ಹಿಂಡಿ ಅದಕ್ಕೂ ಕಾಗದ ಅದ್ದಿದರು. “ನೋಡ್ರಿ, ನಿಮ್ಮದರಾಗೂ ಐತಿ!” ಎಂದು ಸಂತೋಷದಿಂದ ತೋರಿಸಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, “ಗಾಡಿ ಹೂಡ್ರೋ” ಎಂದರು.

ಒಳಗಿನಿಂದ ಬಸವ್ವ ಅಳುವುದು ಕೇಳಿಸಿತು. ತಲೆ ತಗ್ಗಿಸಿ ಕೂತಿದ್ದ ಗಿರಿಜಾ ಎದ್ದು ಬಂದಳು. ಅಜ್ಜಿಯ ಲೋಟ ಎತ್ತಿ ಗಟಗಟ ಕುಡಿದಳು. ದಾಳಿಂಬೆ ರಸವನ್ನೂ ಬಿಡಲಿಲ್ಲ.

“ಕೂಡ್ರಿ ಅಮ್ಮಾ. ನನಗೇನರ ಆಗತೈತೇನು ನೋಡೇ ಹೋಗ್ರಿ” ಎಂದು ಮತ್ತೆ ಚಾಪೆಯ ಮೇಲೆ ಕೂತಳು.

ಎಲ್ಲರೂ ಬಹಳ ಹೊತ್ತು ಅವಳನ್ನೇ ನೋಡಿದರು. ಹೆಣ್ಣನ್ನು ಅಷ್ಟು ಲಕ್ಷ್ಯಗೊಟ್ಟು ನೋಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಗೆ ಅಜ್ಜಿ, “ಹುಡಿಗಿ ಗಟ್ಟಿ ಅದಾಳ. ನನಗೂ ಒಂದ ಲೋಟ ತರ್ರಿ. ಕಾಗದ ಬ್ಯಾಡ” ಎಂದರು.

ಎಷ್ಟೋ ವರ್ಷಗಳ ಮೇಲೆ ಮಾಸ್ತರರು ಹಾಸಿಗೆ ಹಿಡಿದರು. ನಾನು ಕೊನೆಯ ಸಲ ನೋಡಲು ಹೋದಾಗ ಗಿರಿಜಾ ಅಮ್ಮಿನಬಾವಿಯಿಂದ ಬಂದಿದ್ದಳು. ತೋಟದ ದಾಳಿಂಬೆ ಹಿಂಡಿ ಲೋಟ ತಂದಳು, ಜೊತೆಗೆ ಮರೆಯದೆ ಕಾಗದವನ್ನೂ.

“ಅಪ್ಪಾ, ಅದ್ದಲೇನು?”

“ಬ್ಯಾಡವಾ. ಹಂಗ ಕೊಡು, ಕುಡೀತೇನಿ.”

ಕುಡಿದರು. ಕಾಗದ ಅದ್ದದೆ ಅವರು ಕುಡಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಗಿರಿಜಾಳ ಬೆರಳಲ್ಲಿದ್ದ ಕಾಗದ ನೀಲಿಯಾಗಿಯೇ ಇತ್ತು.