ಉಕ್ಕನ್ನು ಬಡಿದು ಆಲಿಸುತ್ತಿದ್ದವರು

ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ನನ್ನ ನೆರೆಮನೆಯ ಮೆಕ್ಯಾನಿಕ್ ಅಂಕಲ್ ಹುಬ್ಬಳ್ಳಿಯವರು. ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳನ್ನು ರಿಪೇರಿ ಮಾಡುತ್ತಿದ್ದ ಅವರು ಒಂದು ದಿನವೂ ಹಿಮ ತುಳಿದವರಲ್ಲ. ‘ತಡೀರಿ’ ಎನ್ನದೆ ಸ್ಪ್ಯಾನರ್ ಮುಟ್ಟಿದವರೂ ಅಲ್ಲ.

ಒಮ್ಮೆ ಸ್ಕೀ ಬೆಟ್ಟದ ಮ್ಯಾನೇಜರ್ ಗಾಡಿ ತಂದ. ಎಂಜಿನ್ನಿನ ಬಲದಿಂದ ಗಾಡಿಯನ್ನು ಓಡಿಸುವ ಉಕ್ಕಿನ ದಂಡ, ಡ್ರೈವ್ ಶಾಫ್ಟ್, ಮುರಿದಿತ್ತು. ಹೊಸ ಶಾಫ್ಟ್‌ನ ಮೇಲೆ ಬಲಕ್ಕೆಂದು ತೊಡಿಸಲು ಅಂಕಲ್ ಬಳಿ ಎರಡು ಕಂಪನಿಗಳ ಸ್ಲೀವ್‌ಗಳು, ಅಂದರೆ ಉಕ್ಕಿನ ಕೊಳವೆಗಳು, ಇದ್ದವು.

‘ಗಾಯಾಳುಗಳನ್ನು ಬೆಟ್ಟದಿಂದ ಇಳಿಸುವ ಗಾಡಿ ಇದು, ಬೇಗ ಯಾವುದಾದರೊಂದು ಹಾಕಿ’ ಎಂದ.

‘ತಡೀರಿ’ ಎಂದು ಕನ್ನಡದಲ್ಲೇ ಹೇಳಿ, ಅಂಕಲ್ ತೆಂಗಿನಕಾಯಿ ಆರಿಸುವವರಂತೆ ಒಂದೊಂದನ್ನೂ ಬೆರಳಿನಿಂದ ಬಡಿದು ಆಲಿಸಿದರು. ಮ್ಯಾನೇಜರ್ ಉಸಿರು ಬಿಗಿಹಿಡಿದು ನಿಂತ. ಅಂಕಲ್ ನಡುನಡುವೆ ಅಳತೆ ನೋಡಿ ಒಂದನ್ನು ಆರಿಸಿದರು.

ಆತ ಹೋದ ಮೇಲೆ ಕೇಳಿದೆ, ‘ಏನ್ ಕೇಳಿಸ್ತು ಅಂಕಲ್?’

‘ಏನೂ ಇಲ್ಲೋ ತಮ್ಮಾ. ಬರೇ ಅಳತಿ ನೋಡಿದ್ರ ಅವಸರ ಮಾಡ್ತಾನ, ಬಡದ್ರ ಸುಮ್ಮ ನಿಂದರ್ತಾನ.’