ಹೊಳೆಪ್ಪನ ಅಮಾವಾಸ್ಯೆ ಪೂಜೆ

ಬಂದರಿನ ಪಕ್ಕದ ಸಡಾ ಗುಡ್ಡದ ಮೇಲೆ ಹೊಳೆಪ್ಪನ ಮನೆ ಯಾವುದು ಎಂದು ಕೇಳಿದರೆ ಯಾರೂ ನಂಬರು ಹೇಳುವುದಿಲ್ಲ. "ಸ್ವಲ್ಪ ನಿಂದರ್ರಿ, ಈಗ ದನಿ ಕೇಳಸ್ತೈತಿ" ಎನ್ನುತ್ತಾರೆ. ನೀರಿನ ಟ್ಯಾಂಕರ್ ತಡವಾಗಿ ಬಂದರೆ ತಡವಾಯಿತೆಂದು ಅವನಿಗೆ ಸಿಟ್ಟು, ಬೇಗ ಬಂದರೆ ಮೊದಲೇ ಯಾಕೆ ಹೇಳಲಿಲ್ಲವೆಂದು ಸಿಟ್ಟು. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಹೆಂಡತಿ ಸತ್ಯವ್ವನ ಮೇಲೆ ಹರಿಹಾಯುತ್ತಾನೆ, ಎಲ್ಲವೂ ಸರಿಯಾಗಿರುವ ದಿನ ಟಿವಿಯಲ್ಲಿ ಸುದ್ದಿ ಓದುವವನನ್ನು ಹಿಡಿದುಕೊಳ್ಳುತ್ತಾನೆ. ವಯಸ್ಸು ಐವತ್ತೆರಡು. ಬಿ.ಪಿ. ಗುಳಿಗೆಯನ್ನೂ ಬೈದೇ ನುಂಗುವ ಮನುಷ್ಯ.

ಅವನ ಸಿಟ್ಟಿಗೆಲ್ಲ ಅರ್ಥವಿಲ್ಲ ಎನ್ನುವಂತಿಲ್ಲ. ಹದಿನೈದನೇ ವಯಸ್ಸಿಗೆ ತಾಳಿಕೋಟೆ ಕಡೆಯ ಒಂದು ಹಳ್ಳಿಯಿಂದ ಕೂಲಿಗಳ ಗುಂಪಿನೊಂದಿಗೆ ಬಂದು, ಪಣಜಿ ಕಡೆಯ ಈ ಬಂದರಿನಲ್ಲಿ ಅದಿರು ಹೊತ್ತವನು. ಅಲ್ಲಿನ ವರ್ಕ್‌ಶಾಪಿನಲ್ಲಿ ಎಂಜಿನ್ನಿನ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ತೊಳೆಯುತ್ತಲೇ ಅವು ಎಲ್ಲಿ ಕೂರುತ್ತವೆಂದು ಕಲಿತ. ಈಗ ಹತ್ತು ವರ್ಷದಿಂದ ಮಡ್ಕಯಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂಬದಿ ಶಹಾಬುದ್ದೀನನ ಶೆಡ್ಡಿನಲ್ಲಿ ಹೆಡ್ ಮಿಸ್ತ್ರಿ. ಮೂವತ್ತೇಳು ವರ್ಷ ಈ ನೆಲದಲ್ಲಿ ದುಡಿದು, ಇಲ್ಲಿನ ಗಾಡಿ, ಕ್ರೇನು, ಬೋಟು ರಿಪೇರಿ ಮಾಡಿದರೂ ಅವನು ಇಲ್ಲಿಯವರಿಗೆ 'ಘಾಂಟಿ'. ಘಟ್ಟ ಇಳಿದು ಬಂದವನು ಎಂದಷ್ಟೇ ಅದರ ಅರ್ಥ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅನ್ನಿಸಿಕೊಂಡವರಿಗೆ ಮಾತ್ರ ಅದರ ಅರ್ಥ ಗೊತ್ತು. ಹೊಳೆಪ್ಪನಿಗೆ ಕೊಂಕಣಿ ಪೂರಾ ಬರುತ್ತದೆ, ಆದರೆ ಗಿರಾಕಿಗಳ ಎದುರು ಒಂದು ಶಬ್ದ ಆಡುವುದಿಲ್ಲ. ಎಲ್ಲರೊಂದಿಗೂ ಹಿಂದಿ. ಅವರು ತಮ್ಮತಮ್ಮಲ್ಲಿ ಆಡುವ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ, ಇವನು ತಿಳಿಯದವನಂತೆ ಬೋಲ್ಟು ಬಿಗಿಯುತ್ತಲೇ ಇರುತ್ತಾನೆ.

ಅವನಿಗೆ ಒಬ್ಬಳೇ ಮಗಳು, ಅಶ್ವಿನಿ. ಐ.ಟಿ.ಐ.ನಲ್ಲಿ ಫಿಟ್ಟರ್ ಕಲಿತು ಎಂಟು ತಿಂಗಳಿಂದ ಅಪ್ಪನ ಜೊತೆಗೇ ಶೆಡ್ಡಿಗೆ ಬರುತ್ತಿದ್ದಾಳೆ. ಬೆಳಿಗ್ಗೆ ಅವನ ಬೈಕಿನ ಹಿಂದೆ ಕೂತು, ಬೋರಿಯ ಸೇತುವೆ ದಾಟುವವರೆಗೂ ಅವನು ಮುಂದಿನ ಗಾಡಿಯವರನ್ನೆಲ್ಲ ಬೈಯುವುದನ್ನು ಕೇಳುತ್ತ ಬರುತ್ತಾಳೆ. ಶಹಾಬುದ್ದೀನ ಹುಬ್ಬಳ್ಳಿಯವನು, ಕೆಟ್ಟವನಲ್ಲ, ಅಂಜುಬುರುಕ. ಹುಡುಗಿ ಬೋಲ್ಟು ತಿರುಗಿಸುವ ಪಾನಾ ಹಿಡಿದರೆ ಗಿರಾಕಿಗಳು ನಕ್ಕಾರು ಎಂಬುದು ಅವನ ಚಿಂತೆ. ಕೊನೆಗೆ ಒಂದು ಮಾತು ಹೇಳಿದ್ದ: "ಆ ರೇಸಿನ ಗಾಡಿ ಚಲೋತ್ನಂಗ ಓಡ್ಲಿ, ನಿನ್ನ ಕಾಯಂ ಮಾಡ್ತೇನಿ. ಓಡಲಿಲ್ಲಂದ್ರ ಬ್ಯಾರೆ ಕಡೆ ನೋಡಬೇಕವ್ವಾ." ಬೇರೆ ಕಡೆ ಎಂದರೆ ಎಲ್ಲಿ? ಪೋಂಡಾದ ನಾಲ್ಕು ಗ್ಯಾರೇಜಿನವರು ಅವಳ ಸರ್ಟಿಫಿಕೇಟನ್ನು ಕೈಯಲ್ಲೂ ಹಿಡಿಯದೆ ವಾಪಸು ಕಳಿಸಿದ್ದರು.

ಆ ಗಾಡಿ ಪಣಜಿಯ ಅಗ್ನೆಲ್ ಬಾಬನದು. ಹೋಟೆಲಿನ ಮಾಲೀಕ, ಹಾಗಾಗಿ ಎಲ್ಲರಿಗೂ 'ಬಾಬ', ಸಾಹುಕಾರ. ರೇಸಿನ ಹುಚ್ಚು. ರಸ್ತೆಗೆ ಇಳಿಯುವ ಕಾರಲ್ಲ ಅದು. ಟ್ರ್ಯಾಕಿನಲ್ಲಿ ಓಡಿಸಲೆಂದೇ ಪೈಪು ಬೆಸೆದು ಮಾಡಿದ್ದು. ಮೇಲೆ ಛಾವಣಿಯಿಲ್ಲ, ಬಾಗಿಲಿಲ್ಲ, ಬಾನೆಟ್ಟೂ ಇಲ್ಲ. ನಾಲ್ಕು ಜನ ಸೇರಿದರೆ ಒಂದು ಬದಿ ಎತ್ತಿಬಿಡಬಹುದು, ಅಷ್ಟು ಹಗುರ. ಅದರಲ್ಲಿದ್ದ ಸಣ್ಣ ಕಾರಿನ ಎಂಜಿನ್ ಸತ್ತಿತ್ತು. ಅಗ್ನೆಲ್ ಎಲ್ಲಿಯೋ ಅಪಘಾತವಾದ ದೊಡ್ಡ ಕಾರೊಂದರ ಎಂಜಿನ್ ತಂದು ಕೆಡವಿ, ಇದನ್ನು ಕೂರಿಸು ಎಂದ. ಇಷ್ಟು ಭಾರ ಮುಂದೆ ಹೇರಿದರೆ ಗಾಡಿ ತಿರುವಿನಲ್ಲಿ ತಿರುಗದೆ ನೇರ ಹೋಗುತ್ತದೆ ಎಂದು ಹೊಳೆಪ್ಪ ಹದಿನೈದು ದಿನ ಜಗಳ ಆಡಿದ. ಸೋತ. ಸೋತವನೇ ಅಡ್ಡಪೈಪು ಕೊಯ್ದು, ಎಂಜಿನ್ನನ್ನು ಒಂದೂವರೆ ಗೇಣು ಹಿಂದಕ್ಕೆ, ಸೀಟಿನ ಕಾಲಬುಡಕ್ಕೆ ಸರಿಸಿ ಕೂರಿಸಿದ.

ಹೊಸ ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ಒಂದು ದಪ್ಪ ಅಲ್ಯುಮಿನಿಯಂ ಪ್ಲೇಟು ಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಶಾಫ್ಟು ಕಚ್ಚಿಕೊಂಡು ಎಂಜಿನ್ ನಿಂತುಬಿಡುತ್ತದೆ. ಹೊರಗೆ ದೊಡ್ಡ ಮಶಿನ್ನಿನಲ್ಲಿ ಮಾಡಿಸೋಣ ಎಂದ ಹೊಳೆಪ್ಪ. ನಾನೇ ಮಾಡುತ್ತೇನೆ ಎಂದಳು ಅಶ್ವಿನಿ. ಹತ್ತೊಂಬತ್ತು ದಿನ ಅಳೆದಳು, ಕೊರೆದಳು, ಅರ ತಿಕ್ಕಿದಳು. ಮೂರು ಪ್ಲೇಟು ಕೆಟ್ಟವು, ಮೂರಕ್ಕೂ ಅಪ್ಪ ಶೆಡ್ಡಿನ ತಗಡು ನಡುಗುವಂತೆ ಕೂಗಾಡಿದ. ನಾಲ್ಕನೆಯದರ ಅಂಚಿನ ಸುತ್ತ ಹೆಬ್ಬೆರಳು ಆಡಿಸಿ ನೋಡಿದ, ಕೂಗಲಿಕ್ಕೆ ಏನೂ ಸಿಗಲಿಲ್ಲ. ಅದಕ್ಕೆ ಚಹಾ ತಣ್ಣಗಾಗಿದೆ ಎಂದು ಚಹಾದವನಿಗೆ ಬೈದ.

ಗಾಡಿ ಮೊದಲ ಸಲ ಸ್ಟಾರ್ಟ್ ಆಗುವ ದಿನ ಅಮಾವಾಸ್ಯೆ ಬಂತು. ಊರ ಕಡೆ ಟ್ರ್ಯಾಕ್ಟರಿಗೆ, ಲಾರಿಗೆ ಅಮಾವಾಸ್ಯೆಗೊಮ್ಮೆ ನೀರು ಹಾಕಿ ಪೂಜೆ ಮಾಡದೆ ಯಾರೂ ಕೀಲಿ ತಿರುಗಿಸುವುದಿಲ್ಲ. ಶಹಾಬುದ್ದೀನನ ಶೆಡ್ಡಿನಲ್ಲೂ ಹೊಳೆಪ್ಪ ಅದನ್ನು ಒಂದು ತಿಂಗಳೂ ತಪ್ಪಿಸಿಲ್ಲ. ಒಂದು ಚೊಂಬು ನೀರು ಗಾಲಿಗೆ ಚಿಮುಕಿಸಿ, ಕುಂಕುಮ ಹಚ್ಚಿ, ಕಾಯಿ ಒಡೆಯುವುದು, ಅಷ್ಟೆ. ಮಾಲೀಕನೂ ಕೊಬ್ಬರಿ ಚೂರು ತಿಂದು ಸುಮ್ಮನಿರುತ್ತಾನೆ.

ಹೊಸ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳಲು ನಾಲ್ಕು ಬಾಯಿ, ತುತ್ತೂರಿಯಂತೆ ಆಕಾಶಕ್ಕೆ ತೆರೆದಂಥವು. ಸದ್ದು ಜೋರು ಬರಲೆಂದು ಅಗ್ನೆಲ್ ಫಿಲ್ಟರು ಬೇಡವೆಂದಿದ್ದ. ಧೂಳು ಬೀಳದಂತೆ ಅಶ್ವಿನಿ ಅವಕ್ಕೆ ಟೇಪು ಸುತ್ತಿದ್ದಳು. ಕ್ಯಾನು ಹಿಡಿದು ಪೆಟ್ರೋಲಿಗೆ ಹೊರಟಾಗ ಹೇಳಿದಳು, "ಅಪ್ಪಾ, ಆ ಟೇಪ್ ಈಗ ತಗೀಬ್ಯಾಡ. ನಾ ಬಂದಮ್ಯಾಲ ತಗೀತೇನಿ."

"ನನಗ ಕಲಸಾಕ ಬರಬ್ಯಾಡ, ಹೋಗ."

ಅವಳು ಅತ್ತ ಹೋದಳು, ಇತ್ತ ಅಗ್ನೆಲ್ ಇಬ್ಬರು ಗೆಳೆಯರೊಂದಿಗೆ ಬಂದ. ಬಿಳಿ ಬೂಟು, ಕೈಯಲ್ಲಿ ಫೋನು. ಕಾಯಿ, ಹೂವು, ಊದಿನಕಡ್ಡಿ ನೋಡಿ ಹಿಂದಿಯಲ್ಲಿ, ಇದೆಲ್ಲ ಬಿಡು ಮಿಸ್ತ್ರಿ, ನನಗೆ ಹೊತ್ತಾಗುತ್ತದೆ ಎಂದ. ಆಮೇಲೆ ಗೆಳೆಯರ ಕಡೆ ತಿರುಗಿ ಕೊಂಕಣಿಯಲ್ಲಿ, ಘಾಂಟಿಗಳ ಕೈಗೆ ರಾಕೆಟ್ ಕೊಟ್ಟರೂ ಮೊದಲು ನಿಂಬೆಹಣ್ಣು ಕಟ್ಟುತ್ತಾರೆ ಎಂದ. ಮೂವರೂ ನಕ್ಕರು.

ಹೊಳೆಪ್ಪನ ಮೈ ಧಗ್ಗೆಂದಿತು. ನಾಲ್ಕು ತಿಂಗಳು ಈ ಗಾಡಿಯ ಹೊಟ್ಟೆಯೊಳಗೆ ಬೆನ್ನು ಬಗ್ಗಿಸಿದ್ದು ಯಾರು? ಚೊಂಬು ಕೆಳಗಿಟ್ಟ. ಮೂಲೆಯಲ್ಲಿದ್ದ ತುಂಬಿದ ಕೊಡ ಎತ್ತಿಕೊಂಡು ಅದಕ್ಕೆ ಮುಷ್ಟಿಗಟ್ಟಲೆ ಕುಂಕುಮ ಕಲೆಸಿದ. "ನಮ್ಮ ಪೂಜಿ ಮುಗಿಯೂತನಾ ಗಾಡಿ ಅಲ್ಲಾಡೂದಿಲ್ಲ" ಎಂದು ಕನ್ನಡದಲ್ಲೇ, ಯಾರಿಗೂ ಅಲ್ಲದಂತೆ, ಎಲ್ಲರಿಗೂ ಕೇಳುವಂತೆ ಹೇಳಿದ. ಅವತ್ತು ಆ ಎಂಜಿನ್ನೇ ದೇವರು. ದೇವರ ಬಾಯಿಗೆ ಟೇಪು ಸುತ್ತಿ ಯಾರಾದರೂ ಪೂಜೆ ಮಾಡುತ್ತಾರೆಯೇ? ಟೇಪನ್ನು ಚರಚರ ಕಿತ್ತೆಸೆದು, ಮುಂದಿನಿಂದ ಹಿಂದಿನವರೆಗೆ ಇಡೀ ಕೊಡ ಸುರಿದ. ಅಕ್ಷತೆಯನ್ನು ಬೊಗಸೆ ಬೊಗಸೆ ಎರಚಿದ. ನಾಲ್ಕು ತುತ್ತೂರಿಗಳಿಗೂ ಸೇರಿಸಿ ಚೆಂಡುಹೂವಿನ ಮಾಲೆ ಹಾಕಿದ, ಬಾಯಿಗಳು ಹೂವಿನಲ್ಲಿ ಮುಚ್ಚಿಹೋದವು. ಕಾಯಿ ಒಡೆದದ್ದು ಹೇಗೆಂದರೆ ಕಾಯಿಯ ನೀರು ಅಗ್ನೆಲನ ಬೂಟಿಗೆ ಸಿಡಿಯಬೇಕು, ಸಿಡಿಯಿತು. ಹೊಳೆಪ್ಪನಿಗೆ ಖುಷಿಯಾಯಿತು.

ಅಶ್ವಿನಿ ಬಂದು ಪೆಟ್ರೋಲು ಹಾಕಿ ಮುಚ್ಚಳ ತಿರುಗಿಸುವಷ್ಟರಲ್ಲಿ ಅಗ್ನೆಲ್ ಸೀಟಿನಲ್ಲಿದ್ದ. ಮಾಲೆ ತೆಗೆದು ಬದಿಗೆಸೆದು, ಫೋನು ಹಿಡಿದ ಗೆಳೆಯನಿಗೆ ಕಣ್ಣು ಹೊಡೆದು, ಪೆಡಲು ಪೂರ್ತಿ ಒತ್ತಿ ಕೀಲಿ ತಿರುಗಿಸಿದ. ಎಂಜಿನ್ ಅರ್ಧ ಸುತ್ತು ತಿರುಗಿತೋ ಇಲ್ಲವೋ, ಒಳಗೆ 'ಕಟಕ್' ಎಂದಿತು. ನಿಂತಿತು. ಮತ್ತೆ ಕೀಲಿ ತಿರುಗಿಸಿದರೆ ಏನೂ ಇಲ್ಲ. ಹೊಳೆಪ್ಪ ದೊಡ್ಡ ಪಾನಾ ಹಾಕಿ ಎರಡೂ ಕೈಯಿಂದ ಜಗ್ಗಿದರೂ ಅಲುಗಲಿಲ್ಲ.

ಪ್ಲೇಟು, ಎಂದ ಅಗ್ನೆಲ್. ಹುಡುಗಿ ಮಾಡಿದ ಪ್ಲೇಟು ಓರೆಯಾಗಿದೆ, ಶಾಫ್ಟು ಕಚ್ಚಿಕೊಂಡಿದೆ. ಶಹಾಬುದ್ದೀನ ತಲೆಯ ಮೇಲೆ ಕೈಯಿಟ್ಟುಕೊಂಡ. ಎಲ್ಲರೂ ಹೊಳೆಪ್ಪನ ಮುಖ ನೋಡಿದರು. ಆಗ ಅವನು ಒಂದು ಮಾತು, ಅಳೆದು ನೋಡೋಣ ಎಂಬ ಒಂದೇ ಒಂದು ಮಾತು ಆಡಬಹುದಿತ್ತು. ಅಳೆಯುವ ಗೇಜು ಕಿಸೆಯಲ್ಲೇ ಇತ್ತು.

"ಹೊರಗ ಮಾಡಸೂಣಂತ ನಾ ಬಡಕೊಂಡಿದ್ದೆ!" ಎಂದು ಮಗಳ ಮೇಲೆ ಎಗರಿದ. "ಕೇಳಿದ್ಯಾ ನೀ? ನಾಕ ಅಕ್ಷರ ಓದಿದ್ಕೂಡ್ಲೆ ಮಿಸ್ತ್ರಿ ಆದ್ಯಾ?"

"ಪ್ಲೇಟ್ ಸರಿ ಐತಿ. ಅಳದು ನೋಡು" ಎಂದಳು ಅಶ್ವಿನಿ. ನೆಲದ ಮೇಲೆ ಹರಿಯುತ್ತಿದ್ದ ಕೆಂಪು ನೀರು ನೋಡಿದಳು. "ಗಾಡಿ ಮ್ಯಾಲೆ ಎಷ್ಟ ನೀರ ಹಾಕಿದಿ ಅಪ್ಪಾ?"

"ಮೂವತ್ತು ವರ್ಷ ಎಂಜಿನ್ನಿಗೆ ನೀರ ಹಾಕೇನಿ ನಾ! ನಿನ್ನ ತಪ್ಪ ದೇವ್ರ ಮ್ಯಾಲೆ ಹಾಕ್ತಿಯಾ? ನಾಚಿಕಿ ಇಲ್ಲ? ಕೈಯಾಗ ಕೆಲಸ ಇಲ್ಲದಾಕಿ, ನಡಿ ಹೊರಗ!"

ಶೆಡ್ಡಿನ ಐದು ಜನ ಕೆಲಸಗಾರರೂ ಕೇಳಿದರು, ಗಿರಾಕಿಗಳೂ ಕೇಳಿದರು. ಭಾಷೆ ತಿಳಿಯದಿದ್ದರೂ ಮಾತು ತಿಳಿಯುವಂತಿತ್ತು. ಅಶ್ವಿನಿ ಏಪ್ರನ್ ಬಿಚ್ಚಿ, ಮಡಿಸಿ, ಬೆಂಚಿನ ಮೇಲಿಟ್ಟು ಬಸ್ಸಿಗೆ ನಡೆದಳು. ಅಗ್ನೆಲ್ ನಾಳೆ ಬರುತ್ತೇನೆಂದು ಹೋದ. ಎಂಜಿನ್ ಬಿಚ್ಚು ಎಂದ ಶಹಾಬುದ್ದೀನ.

ಮೊದಲು ಗೇರ್‌ಬಾಕ್ಸು ಕಳಚಿದ. ಶಾಫ್ಟು ಬೆಣ್ಣೆಯಂತೆ ಹೊರಬಂತು. ಪ್ಲೇಟಿಗೆ ಗೇಜು ಹಚ್ಚಿದ, ನಾಲ್ಕು ಕಡೆ, ಆಮೇಲೆ ಎಂಟು ಕಡೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಎಂಜಿನ್ನಿನ ಮೇಲ್ಮುಚ್ಚಳ, ಹೆಡ್, ಎತ್ತಿದಾಗ ಸಂಜೆ ಐದು. ನಾಲ್ಕು ಪಿಸ್ಟನ್ನುಗಳಲ್ಲಿ ಮೂರನೆಯದು ಇರಬೇಕಾದ ಎತ್ತರಕ್ಕಿಂತ ತುಸು ಕೆಳಗಿತ್ತು, ಅದನ್ನು ಹೊತ್ತ ಕೆಳಗಿನ ರಾಡು ಬಾಗಿತ್ತು. ಅದರ ನೆತ್ತಿಯ ಮೇಲೆ ಕೆಂಪು ನೀರು. ನೀರಿನಲ್ಲಿ ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು.

ಲಾರಿಗೆ ಬಾನೆಟ್ ಇರುತ್ತದೆ, ಟ್ರ್ಯಾಕ್ಟರಿಗೆ ಫಿಲ್ಟರು ಇರುತ್ತದೆ. ಇದಕ್ಕೆ ಇದ್ದದ್ದು ಅಶ್ವಿನಿಯ ಟೇಪು. ಅದನ್ನು ಕಿತ್ತು ಅವನೇ ನೀರು ತುಂಬಿದ್ದ. ಅಗ್ನೆಲ್ ಪೆಡಲು ಒತ್ತಿದಾಗ ಆ ನೀರೆಲ್ಲ ಒಳಗಿಳಿದಿತ್ತು, ಪಿಸ್ಟನ್ ಮೇಲೇರಲು ಹೋಗಿ ನೀರಿಗೆ ಗುದ್ದಿತ್ತು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಇಷ್ಟು ಅವನಿಗೆ ಗೊತ್ತಿಲ್ಲದ್ದೇನಲ್ಲ, ಸಿಟ್ಟಿನಲ್ಲಿ ಬುದ್ಧಿ ಎಲ್ಲಿಗೆ ಹೋಗಿತ್ತೋ!

ಸುತ್ತ ಯಾರೂ ಇರಲಿಲ್ಲ. ಒರೆಸುವ ಬಟ್ಟೆ ಕೈಯಲ್ಲಿತ್ತು. ಒಮ್ಮೆ ಒರೆಸಿ, ಹಳೆಯ ಎಂಜಿನ್, ರಾಡು ಮೊದಲೇ ಸೊಟ್ಟಗಿತ್ತು ಎಂದರೆ ಮುಗಿಯಿತು. ಮಗಳೂ ಉಳಿದಾಳು, ತನ್ನ ಹೆಸರೂ ಉಳಿದೀತು. ಹೊಳೆಪ್ಪ ಹಾಗೆ ಯೋಚಿಸಲೇ ಇಲ್ಲ ಎಂದರೆ ಸುಳ್ಳಾದೀತು. ಬಟ್ಟೆಯನ್ನು ಪಿಸ್ಟನ್ನಿನವರೆಗೆ ಒಯ್ದಿದ್ದ. ಆಮೇಲೆ ತನ್ನ ಹಣೆಯನ್ನು ತಾನೇ ಗಟ್ಟಿಸಿಕೊಂಡು, ಸ್ವಂತ ಹೆಸರು ಹಿಡಿದು ಬೈದುಕೊಂಡ, ಟ್ಯಾಂಕರಿನವನಿಗೂ ಎಂದೂ ಬೈಯದಂಥ ಬೈಗುಳ. ಎಂಜಿನ್ನಿನ ಮೇಲೆ ತಾಡಪತ್ರಿ ಹೊದಿಸಿ, ನಾಳೆಯವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಮನೆಗೆ ಹೋದ.

ಅಶ್ವಿನಿ ಒಲೆಯ ಪಕ್ಕ ರೊಟ್ಟಿ ತಟ್ಟುತ್ತಿದ್ದಳು. ಹೊಳೆಪ್ಪ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದ. ಅವಳು ರೊಟ್ಟಿ ಮಗುಚಿ ಹಾಕಿದಳು.

"ಇಲ್ಲಿ ನನಗ್ಯಾಕ ಹೇಳಾಕತ್ತಿ? ನನಗ ಅವಾಗ್ಲೇ ಗೊತ್ತಿತ್ತು. ಬೈಯುವಾಗ ಎಲ್ಲಾರ ಮುಂದ ಬೈದಿ. ಹೇಳೂದೂ ಅಲ್ಲೇ ಹೇಳು."

"ಆ ಬಾಬನ ಮುಂದ?"

"ಅವನ ಮುಂದನ."

ಸತ್ಯವ್ವ ಗಂಡನ ಮುಂದೆ ಗುಳಿಗೆ, ನೀರು ಇಟ್ಟಳು. ಅವತ್ತು ಗುಳಿಗೆಗೆ ಬೈಗುಳ ಬೀಳಲಿಲ್ಲ.

ಮರುದಿನ ಬೈಕಿನಲ್ಲಿ ಇಬ್ಬರೂ ಬಂದರು. ಅಗ್ನೆಲ್ ಗೆಳೆಯರೊಂದಿಗೆ ಹತ್ತಕ್ಕೆ ಬಂದ. ಹೊಳೆಪ್ಪ ತಾಡಪತ್ರಿ ಎಳೆದು ಎಲ್ಲರನ್ನೂ ಹತ್ತಿರ ಕರೆದ. ಶುದ್ಧ ಕೊಂಕಣಿಯಲ್ಲಿ ಶುರು ಮಾಡಿದ. ಅಗ್ನೆಲನ ಮುಖದ ಬಣ್ಣ ಹೋಯಿತು; ಇಷ್ಟು ತಿಂಗಳು ಈ ಮನುಷ್ಯನ ಎದುರು ತಾನು ಏನೇನು ಆಡಿದ್ದೆ ಎಂದು ಲೆಕ್ಕ ಹಾಕುತ್ತಿದ್ದಿರಬೇಕು.

ಟೇಪು ಕಿತ್ತವನು ನಾನು, ನೀರು ಸುರಿದವನು ನಾನು ಎಂದ ಹೊಳೆಪ್ಪ. ನೀನಾಡಿದ ಮಾತು ಕೇಳಿ ಸಿಟ್ಟಿನಲ್ಲಿ ಸುರಿದೆ, ಆದರೂ ಸುರಿದ ಕೈ ನನ್ನದೇ. ನನ್ನ ಮಗಳ ಪ್ಲೇಟಿನಲ್ಲಿ ತಪ್ಪಿಲ್ಲ, ಇಗೋ ಗೇಜು, ನೀನೇ ಅಳೆ. ಮತ್ತೆ ಈ ತಪ್ಪನ್ನು ಘಾಂಟಿಗಳ ತಲೆಗೆ ಕಟ್ಟಬೇಡ. ಇದು ಹೊಳೆಪ್ಪ ಒಬ್ಬನ ತಪ್ಪು. ಬಾಗಿದ ರಾಡು ನಾನು ತಂದು ಹಾಕುತ್ತೇನೆ.

ದನಿ ಏರಿರಲಿಲ್ಲ. ಅದೇ ಶೆಡ್ಡಿನವರಿಗೆ ಹೆದರಿಕೆ ಹುಟ್ಟಿಸಿತು. ಅಗ್ನೆಲ್ ಗೇಜು ಮುಟ್ಟಲಿಲ್ಲ, ರಾಡು ಬಂದಮೇಲೆ ಫೋನು ಮಾಡಿ ಎಂದು ಶಹಾಬುದ್ದೀನನಿಗೆ ಹೇಳಿ ಹೊರಟುಹೋದ. ಶಹಾಬುದ್ದೀನ ಗಡ್ಡ ತುರಿಸಿಕೊಳ್ಳುತ್ತ ಅಶ್ವಿನಿಯ ಹತ್ತಿರ ಬಂದ.

"ಏಪ್ರನ್ ಹಾಕ್ಕೊಳವ್ವಾ. ಇವತ್ತಿಂದ ನೀ ಕಾಯಂ. ಈ ಎಂಜಿನ್ ನೀವಿಬ್ಬರೂ ಕೂಡಿ ಮತ್ತ ಕಟ್ರಿ."

"ಕಟ್ತೇನಿ ಸೇಠ್ರ" ಎಂದಳು ಅಶ್ವಿನಿ. "ನಾ ಒಬ್ಬಾಕಿನ ಕಟ್ತೇನಿ. ಅಪ್ಪ ಈ ಗಾಡಿಗೆ ಕೈ ಹಚ್ಚಬಾರದು."

ಹೊಳೆಪ್ಪನ ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಮೂವತ್ತು ವರ್ಷ ಪಾನಾ ಹಿಡಿದ ಮಿಸ್ತ್ರಿಗೆ, ಹೆತ್ತ ಅಪ್ಪನಿಗೆ, ಐದು ಜನರ ಮುಂದೆ! ಅವಳು ಅವನ ಕಣ್ಣನ್ನೇ ನೋಡುತ್ತ ನಿಂತಿದ್ದಳು, ರೆಪ್ಪೆ ಬಡಿಯದೆ, ಹಲ್ಲು ಕಚ್ಚಿಕೊಂಡು. ಆ ಮುಖ ಅವನು ದಿನಾ ಕನ್ನಡಿಯಲ್ಲಿ ನೋಡುವ ಮುಖವೇ ಆಗಿತ್ತು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೇ ಅವನಿಗೆ ಅಷ್ಟು ಉರಿಯಿತು. ತೆರೆದ ಬಾಯಿ ಮುಚ್ಚಿಕೊಂಡು, ತನ್ನ ಪಾನಾದ ಪೆಟ್ಟಿಗೆ ಎತ್ತಿಕೊಂಡು, ಶೆಡ್ಡಿನ ಆಚೆ ತುದಿಯಲ್ಲಿ ಕ್ಲಚ್ ಹೋದ ಮೀನಿನ ಟೆಂಪೋ ನಿಂತಿದ್ದಲ್ಲಿಗೆ ಹೋಗಿ ಅದರ ಕೆಳಗೆ ನುಸುಳಿ ಮಲಗಿಕೊಂಡ.